ಚಿಪ್ಪಯ್ಯ ಗುರುಗಳಿಗಿದ್ದ ವಿನಾಯಿತಿ

ಮಕ್ಕಳೇ, ಹೊಂಗೆ ಮರಗಳ ನಡುವೆ ಒಂದು ಕೆರೆ. ಕೆರೆಯಲ್ಲಿ ಬಾತುಗಳು, ಕಪ್ಪೆಗಳು, ಮತ್ತೆ ಚಿಪ್ಪಯ್ಯ ಅನ್ನೋ ಆಮೆ. ಇವರು ಬರೀ ಆಮೆ ಅಲ್ಲ, ಕೆರೆಗೆಲ್ಲ ಗುರುಗಳು.

ಸೋಮವಾರ ಸೋಮವಾರ ಚಿಪ್ಪಯ್ಯ ಬಂಡೆ ಮೇಲೆ ಕೂರೋರು. ತಪ್ಪು ಮಾಡಿದವರು ಬಂದು ಅವರ ಕಿವಿಯಲ್ಲಿ ಹೇಳಿಕೊಳ್ಳೋರು. "ನೂರೆಂಟು ಸಲ ಮುಳುಗು ಹಾಕು" ಅನ್ನೋರು ಗುರುಗಳು. ಸುಳ್ಳು ಹೇಳಿದ್ರೂ ಅದೇ, ಹುಳ ಕದ್ದರೂ ಅದೇ.

ಆ ಕಾಡಿಗೆ ಒಂದು ಕಾನೂನಿತ್ತು. ಯಾರಾದರೂ ಮರಿಗಳಿಗೆ ನೋವು ಮಾಡ್ತಿರೋದು ಗೊತ್ತಾದ್ರೆ, ಆವತ್ತೇ ಕಾವಲಿನ ಆನೆ ಗಜಮ್ಮನಿಗೆ ಹೇಳಬೇಕು. ಗುರುಗಳಿಗೆ ಮಾತ್ರ ವಿನಾಯಿತಿ. ಕಿವಿಯಲ್ಲಿ ಕೇಳಿದ್ದನ್ನ ಬಾಯಿ ಬಿಡಬಾರದು ಅಂತ ಅವರ ವ್ರತ. ಚಿಪ್ಪಯ್ಯನಿಗೆ ಆ ವ್ರತದ ಮೇಲೆ ತುಂಬಾ ಹೆಮ್ಮೆ.

ಒಂದು ಸೋಮವಾರ ನೀರುನಾಯಿ ದುಂಡಣ್ಣ ಬಂದ. ಅವನು ಬಾತುಮರಿಗಳಿಗೆ ಈಜು ಕಲಿಸೋ ಮೇಷ್ಟ್ರು.

"ಗುರುಗಳೇ, ಮರಿಗಳನ್ನ ಜೊಂಡಿನ ಹಿಂದೆ ಕರ್ಕೊಂಡು ಹೋಗಿ ಕಚ್ತೀನಿ. ಯಾರಿಗೂ ಹೇಳಬೇಡಿ ಅಂತ ಹೆದರಿಸ್ತೀನಿ."

ಚಿಪ್ಪಯ್ಯನ ತಲೆ ಸರಕ್ಕನೆ ಚಿಪ್ಪಿನೊಳಗೆ ಹೋಯ್ತು. ಒಳಗಿಂದಲೇ ಧ್ವನಿ ಬಂತು. "ನೂರೆಂಟು ಸಲ ಮುಳುಗು ಹಾಕಪ್ಪ."

ನೀರುನಾಯಿಗೆ ಮುಳುಗು ಹಾಕೋ ಶಿಕ್ಷೆ! ದುಂಡಣ್ಣ ನೂರೆಂಟೂ ಹಾಕಿ, ಎರಡು ಮೀನು ಹಿಡ್ಕೊಂಡು ಮೇಲೆ ಬಂದ.

ಎರಡು ವಾರ ಆಯ್ತು. ಬಂಡೆ ಹತ್ತಿರ ಪುಟ್ಟ ಬಾತುಮರಿ ಚಿಗುರಿ ಬಂದು ನಿಂತಳು. ಕುತ್ತಿಗೆಯಲ್ಲಿ ಪುಕ್ಕ ಕಿತ್ತುಹೋಗಿತ್ತು.

"ಗುರುಗಳೇ, ನಾನೊಂದು ತಪ್ಪು ಮಾಡಿದ್ದೀನಿ."

"ಏನಮ್ಮ ತಪ್ಪು?"

"ಮೇಷ್ಟ್ರು ನನ್ನ ಕಚ್ಚಿದ್ರು. ಎಷ್ಟು ಸಲ ಮುಳುಗಬೇಕು?"

ಚಿಪ್ಪಯ್ಯನ ತಲೆ ಮತ್ತೆ ಒಳಗೆ ಹೋಯ್ತು. ಆದರೆ ಆವತ್ತು ಒಳಗೆ ಇರೋಕೇ ಆಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಈ ಮಗು ಕಚ್ಚಿಸಿಕೊಂಡು, ಅದೂ ತನ್ನದೇ ತಪ್ಪು ಅಂದ್ಕೊಂಡಿದೆಯಲ್ಲ ಅನ್ನಿಸಿತು. ತಲೆ ಹೊರಗೆ ಬಂತು.

"ಒಂದು ಸಲವೂ ಬೇಡ ಮಗಳೇ. ನಿನ್ನ ತಪ್ಪು ಒಂಚೂರೂ ಇಲ್ಲ. ನಾನಿದನ್ನ ಗಜಮ್ಮನಿಗೆ ಹೇಳ್ತೀನಿ. ನೀನು ಅಮ್ಮನ ಹತ್ರ ಹೋಗು. ಪಾಠ ಯಾವಾಗ?"

"ಸಂಜೆ. ಇವತ್ತು ಏಳು ಮರಿ ಹೋಗ್ತವೆ."

ಗುರುಗಳು ಬಂಡೆ ಇಳಿದು ಹೊರಟರು. ಗಜಮ್ಮ ಇರೋದು ಹೊಳೆ ದಾಟೋ ಜಾಗದಲ್ಲಿ. ಬಾತಿಗೆ ಐದು ನಿಮಿಷದ ದಾರಿ, ಆಮೆಗೆ ಒಂದು ದಿನದ್ದು. ಚಿಪ್ಪಯ್ಯ ಜೀವಮಾನದಲ್ಲೇ ಮೊದಲ ಸಲ ಓಡಿದರು. ನಾಲ್ಕನೇ ಹೆಜ್ಜೆಗೆ ಬೇರು ಎಡವಿ ಅಂಗಾತ ಬಿದ್ದರು.

ಶಿಷ್ಯ ಬೆಳ್ಳಕ್ಕಿ ಬೆಳ್ಳಯ್ಯ ನೋಡಿ ರೆಕ್ಕೆ ಜೋಡಿಸಿದ. "ಆಹಾ, ಗುರುಗಳು ಹೊಸ ಆಸನ ಹಾಕಿದ್ದಾರೆ!"

ಕಪ್ಪೆಗಳೆಲ್ಲ ಬಂದು ಕೈ ಮುಗಿದವು. ಎರಡು ಕಪ್ಪೆ ತಾವೂ ಅಂಗಾತ ಮಲಗಿದವು.

"ಆಸನ ಅಲ್ಲ ಕಣ್ರೋ, ಬಿದ್ದಿದ್ದೀನಿ!"

"ಎಂಥಾ ವಿನಯ!" ಅಂದ ಬೆಳ್ಳಯ್ಯ.

ಅಷ್ಟರಲ್ಲಿ ಚಿಗುರಿಯ ಅಮ್ಮ ಸಿಂಗಾರಿ ಓಡಿ ಬಂದಳು. ಮಗಳು ಎಲ್ಲ ಹೇಳಿದ್ದಳು. "ಗುರುಗಳೇ, ತಡೀರಿ, ಎತ್ತಿ ಕೂರಿಸ್ತೀನಿ."

"ನನ್ನ ಬಿಡು. ಹಾರಿ ಹೋಗಿ ಗಜಮ್ಮನ್ನ ಕರ್ಕೊಂಡು ಬಾ!"

ಗಜಮ್ಮ ಧಡಧಡ ಬಂದಳು, ಸೊಂಡಿಲು ಚಾಚಿದಳು. "ಇರಿ, ಮೊದಲು ನೆಟ್ಟಗೆ ಮಾಡ್ತೀನಿ."

"ಅದು ಆಮೇಲೆ. ಮೊದಲು ಕೇಳು," ಅಂದರು ಚಿಪ್ಪಯ್ಯ, ನಾಲ್ಕೂ ಕಾಲು ಆಕಾಶಕ್ಕೆ ಮಾಡಿಕೊಂಡು.

"ಗುರುಗಳೇ, ವ್ರತ! ವ್ರತ!" ಅಂತ ಬೆಳ್ಳಯ್ಯ ಕೂಗಿದ.

"ಸುಮ್ನಿರಯ್ಯ. ಗಜಮ್ಮಾ, ದುಂಡಣ್ಣ ಮರಿಗಳನ್ನ ಕಚ್ತಾನೆ. ಅವನ ಬಾಯಿಂದಲೇ ಕೇಳಿದ್ದೀನಿ. ಸಂಜೆ ಪಾಠ ಇದೆ, ಹೊರಡು."

ಗಜಮ್ಮ ಜೊಂಡಿನ ಹತ್ತಿರ ಹೋದಾಗ ಏಳು ಮರಿಗಳು ಸಾಲಾಗಿ ನಿಂತಿದ್ದವು. "ಮೇಷ್ಟ್ರೇ," ಅಂದಳು, ಅಷ್ಟೇ.

ದುಂಡಣ್ಣ ಗಾಬರಿಯಲ್ಲಿ ಬಡಬಡಿಸಿದ. "ನಾನು ಆಗಲೇ ತಪ್ಪು ಒಪ್ಕೊಂಡಿದ್ದೀನಿ ಗಜಮ್ಮಾ! ಮುಳುಗೂ ಹಾಕಿದ್ದೀನಿ! ಕಚ್ಚಿದ್ದೆಲ್ಲ ತೊಳೆದು ಹೋಯ್ತು!"

"ತೊಳೆದುಕೊಂಡಿದ್ದು ನೀನು. ಮರಿಗಳ ಗಾಯ ಹಾಗೇ ಇದೆ."

ಗಜಮ್ಮ ಅವನನ್ನ ಸೊಂಡಿಲಲ್ಲಿ ಎತ್ತಿಕೊಂಡು ಹೋಗಿ, ಹೊಳೆಯಾಚೆ ಬಿದಿರಿನ ದೊಡ್ಡಿಯೊಳಗೆ ಕೂಡಿಹಾಕಿದಳು. ಬಾಗಿಲಿಗೆ ಕಾಡುಕೋಣ ಕಾವಲು. ಆಮೇಲೆ ವಾಪಸ್ ಬಂದು ಗುರುಗಳನ್ನ ನೆಟ್ಟಗೆ ಮಾಡಿದಳು.

ಮಾರನೇ ದಿನ ಕಾಡಿನ ಸಭೆ ಸೇರಿತು. ಗಜಮ್ಮ ಕೇಳಿದಳು, "ನಿಮಗೆ ಗೊತ್ತಾಗಿ ಎಷ್ಟು ದಿನ ಆಯ್ತು, ಗುರುಗಳೇ?"

"ಎರಡು ವಾರ." ಈ ಸಲ ಚಿಪ್ಪಯ್ಯನ ತಲೆ ಹೊರಗೇ ಇತ್ತು. "ಅಷ್ಟರಲ್ಲಿ ಇನ್ನೂ ಮೂರು ಮರಿಗಳನ್ನ ಕಚ್ಚಿದ್ದಾನೆ. ಅದು ನನ್ನ ಮೌನದಿಂದ ಆಗಿದ್ದು. ಆ ವಿನಾಯಿತಿ ತೆಗೆದುಹಾಕಿ."

ಬೆಳ್ಳಯ್ಯ ಕೊಕ್ಕು ಎತ್ತಿದ. "ಹಾಗೆ ಮಾಡಿದ್ರೆ ತಪ್ಪು ಹೇಳ್ಕೊಳ್ಳೋಕೆ ಯಾರು ಬರ್ತಾರೆ?"

"ಬರದಿದ್ರೆ ಬೇಡ. ಮರಿಗಳು ಚೆನ್ನಾಗಿರಲಿ."

ವಿನಾಯಿತಿ ಹೋಯ್ತು.

ಮುಂದಿನ ಸೋಮವಾರ ಬಂಡೆ ಮುಂದೆ ಸಾಲು ಅರ್ಧ ಆಗಿತ್ತು. ಕೊನೆಯಲ್ಲಿ ಯಾವತ್ತೂ ಆ ಕಡೆ ಸುಳಿಯದ ಒಂದು ಅಳಿಲುಮರಿ ನಿಂತಿತ್ತು.

"ಗುರುಗಳೇ, ಒಂದು ವಿಷಯ ಹೇಳಬೇಕು."

"ಹೇಳು ಮರಿ. ಆದರೆ ನಿನಗೆ ಯಾರಾದರೂ ನೋವು ಮಾಡಿದ್ರೆ, ನಾನದನ್ನ ಗುಟ್ಟಾಗಿ ಇಡಲ್ಲ. ಮೊದಲೇ ಹೇಳಿದ್ದೀನಿ."

"ಗೊತ್ತು," ಅಂತು ಅಳಿಲುಮರಿ. "ಅದಕ್ಕೇ ಬಂದಿದ್ದು."

ನೀತಿ: ಮಗುವಿಗೆ ನೋವಾಗುತ್ತಿದೆ ಎಂದು ತಿಳಿದ ಮೇಲೆ ಗುಟ್ಟು ಕಾಯುವುದು ವ್ರತವಲ್ಲ, ತಿಳಿದವರು ಗುರುಗಳೇ ಆಗಿರಲಿ, ಕಾಪಾಡಬಲ್ಲವರಿಗೆ ಅಂದೇ ಹೇಳಬೇಕು.