ಚೆಲ್ವಿಯ ಕಣ್ಣಿಗೆ ಜವರ ತಂದ ಮದ್ದು

ಹೂ ಕಟ್ಟಿ ಮಾರೋ ಸಾಕಮ್ಮನಿಗೆ ಒಬ್ಬನೇ ಮಗ, ಹೆಸರು ಜವರ. ಇಪ್ಪತ್ತೈದು ತುಂಬಿದ ಆಳು. ಮೂಟೆ ಹೊರು ಅಂದರೆ ಹೊರುತ್ತಿದ್ದ, ಇಳಿಸು ಅನ್ನೋವರೆಗೂ ಹೊತ್ತೇ ನಿಂತಿರುತ್ತಿದ್ದ. "ಎಲ್ಲರ ಮಕ್ಕಳೂ ಹೇಳಿದ ಮಾತು ಕೇಳಲ್ಲ ಅಂತ ಅಳ್ತಾರೆ. ನನ್ನ ಮಗ ಕೇಳ್ತಾನಲ್ಲಪ್ಪಾ ಶಿವನೇ!" ಅಂತ ಸಾಕಮ್ಮ ಹಣೆ ಚಚ್ಚಿಕೊಳ್ಳೋಳು.

ಬಾಣಂತನಕ್ಕೆ ಬಂದ ಮಗಳು ಹಸುಗೂಸಿನ ಜೊತೆ ಒಳಕೋಣೆಯಲ್ಲಿದ್ದಳು. ಅವಳ ಮೊದಲ ಮಗು, ಮೂರು ವರ್ಷದ ಚೆಲ್ವಿ, ಅಜ್ಜಿಯ ಸೆರಗು ಹಿಡಿದು ಓಡಾಡಿಕೊಂಡಿತ್ತು. ಒಂದು ಬೆಳಗ್ಗೆ ಎದ್ದರೆ ಚೆಲ್ವಿಗೆ ಕಣ್ಣೇ ಬಿಡೋಕಾಗಲಿಲ್ಲ! ರೆಪ್ಪೆಗೆ ರೆಪ್ಪೆ ಅಂಟಿ, ಮೂಲೆಯಲ್ಲಿ ಕೀವು ಕಟ್ಟಿತ್ತು. "ಅಜ್ಜೀ, ಕತ್ಲೆ!" ಅಂತ ಒಂದೇ ಅಳು.

ಊರಿನ ನರ್ಸಮ್ಮ ಬಂದು ನೋಡಿದಳು. "ನೀರು ಕುದಿಸಿ ಆರಿಸಿ, ಶುಭ್ರವಾದ ಬಟ್ಟೆ ಅದ್ದಿ ಮೆತ್ತಗೆ ಒರೆಸಿ. ಒಂದು ಕಣ್ಣಿಗೆ ಒಂದು ಬಟ್ಟೆ. ಒರೆಸಿದ ಮೇಲೆ ಕೈ ಸೋಪು ಹಾಕಿ ತೊಳೀರಿ, ಒಳಗಿರೋ ಕೂಸಿಗೆ ಅಂಟಿದರೆ ಕಷ್ಟ. ಬೇರೆ ಏನೂ ಹಾಕಬೇಡಿ. ಮೂರು ದಿನಕ್ಕೆ ಇಳೀಲಿಲ್ಲ ಅಂದರೆ ಆಸ್ಪತ್ರೆಗೆ ಬನ್ನಿ" ಅಂದಳು.

ನರ್ಸಮ್ಮ ಬೀದಿ ಮೂಲೆ ತಿರುಗಿದ್ದೇ ತಡ, ಪಕ್ಕದ ಮನೆ ದೊಡ್ಡತಾಯಜ್ಜಿ ಮೂತಿ ತಿರುವಿದಳು. "ಬರೀ ನೀರಾ? ಅದೂ ಒಂದು ಮದ್ದೇನೇ ಸಾಕೀ?"

ಸಾಕಮ್ಮನಿಗೂ ಹಾಗೇ ಅನ್ನಿಸಿತು. ಆದರೂ ಮದ್ದು ಸಿಗೋವರೆಗೆ ನೀರಾದರೂ ಇರಲಿ ಅಂತ, "ಜವರಾ, ಒಲೆ ಮೇಲೆ ನೀರಿಟ್ಟು, ಕುದ್ದ ಮೇಲೆ ಆರಿಸು" ಅಂದಳು.

ನೀರು ಕೊತಕೊತ ಕುದಿಯಿತು. ಜವರ ಎತ್ತಿ ಒಲೆಗೇ ಸುರಿದ. ಚುಂಯ್! ಮನೆಯೆಲ್ಲ ಹೊಗೆ!

"ಆರಿಸ್ದೆ ಕಣವ್ವ!"

"ಅಯ್ಯೋ ಪೆದ್ದೇ! ಅಗಲವಾದ ತಟ್ಟೆಗೆ ಸುರಿದು, ಗಾಳಿಗಿಟ್ಟು, ಬೀಸಬೇಕು ಕಣೋ!"

"ಸರಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಸಾಕಮ್ಮ ತಾನೇ ಮತ್ತೆ ಒಲೆ ಹಚ್ಚಿ, ನೀರು ಕುದಿಸಿ, ಆರಿಸಿ, ಮಗುವಿನ ಕಣ್ಣು ಒರೆಸಿದಳು.

ಮಧ್ಯಾಹ್ನ ದೊಡ್ಡತಾಯಜ್ಜಿ, "ಪಟಿಕದ ಪುಡಿ ಹಾಕೇ, ಕಣ್ಣು ಫಳಫಳ ಅನ್ನುತ್ತೆ" ಅಂದಳು. ಜವರ ಅಂಗಡಿಗೆ ಓಡಿದ, ಪುಡಿ ತಂದ, ಜಗಲಿ ಮೇಲೆ ತಟ್ಟೆಗೆ ಸುರಿದ, ಮೊರ ತಗೊಂಡು ಬೀಸಿದ. ಬೀಸಿದ್ದೇ ಬೀಸಿದ್ದು! ಪುಡಿಯೆಲ್ಲ ಹಾರಿ ದೊಡ್ಡತಾಯಜ್ಜಿ ಮುಖಕ್ಕೆ!

"ನನ್ನ ಕಣ್ಣು, ನನ್ನ ಕಣ್ಣು! ಉರಿ, ಉರಿ!"

"ಹಾಳಾದೋನೇ! ತಂದದ್ದನ್ನ ಟವಲಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಹೆಗಲಿಗೆ ಹಾಕ್ಕೊಂಡು ಬರಬೇಕು!" ಅಂತ ಸಾಕಮ್ಮ ಬೈದಳು.

"ಸರಿ ಕಣವ್ವ."

ಪಟಿಕ ಹೋಯಿತು. ಸಾಕಮ್ಮ ಬೇರೆ ದಾರಿಯಿಲ್ಲದೆ ನೀರಲ್ಲೇ ಒರೆಸಿದಳು. ದೊಡ್ಡತಾಯಜ್ಜಿಯ ಕಣ್ಣಿಗೂ ಅದೇ ನೀರೇ ಗತಿಯಾಯಿತು.

ಮಾರನೇ ದಿನ ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು, "ಹರಳೆಣ್ಣೆ ಬಿಡೇ" ಅಂದಳು. ಜವರ ಗಾಣದ ಮನೆಗೆ ಹೋದ. ಟವಲು ಹಾಸಿ ಎಣ್ಣೆ ಹುಯ್ಯಿಸಿಕೊಂಡ, ಬಿಗಿಯಾಗಿ ಗಂಟು ಕಟ್ಟಿದ, ಹೆಗಲಿಗೆ ಹಾಕಿದ. ಮನೆಗೆ ಬರೋ ಹೊತ್ತಿಗೆ ಎಣ್ಣೆಯೆಲ್ಲ ಬೆನ್ನಿಂದ ಹಿಮ್ಮಡಿವರೆಗೆ ಇಳಿದಿತ್ತು. ಹಿಂದೆ ನಾಲ್ಕು ನಾಯಿ!

"ಥೂ! ಎಣ್ಣೆ ಗಡಿಗೇನ ಮಂಕರಿ ಒಳಗೆ ಕೂರಿಸಿ, ಚೆಲ್ಲದ ಹಾಗೆ ಬಾಯಿಗೆ ಬಟ್ಟೆ ತುರುಕಿ ತರಬೇಕು ಕಣೋ!"

"ಸರಿ ಕಣವ್ವ."

ಮತ್ತೆ ನೀರೇ. ಆದರೆ ಸಾಕಮ್ಮನ ಜೀವ ಹೊಡೆದುಕೊಳ್ಳುತ್ತಿತ್ತು. ಮಗುವಿನ ಕಣ್ಣಿಗೇನಾದರೂ ಆದರೆ? ಕೂಸಿಗೂ ಅಂಟಿದರೆ? ಮಗಳ ಮುಖ ನೋಡೋದು ಹೇಗೆ? "ಜವರಾ, ಓಡು! ಪಕ್ಕದೂರಿನ ಹಲಗಯ್ಯನ್ನ ಕರ್ಕೊಂಡು ಬಾ!"

ಹಲಗಯ್ಯ ಅಂದರೆ ಹತ್ತೂರಿಗೆ ಹೆಸರು. ಮೆಣಸು ಅಗಿದು, ಮಂತ್ರ ಹೇಳಿ, ಕಣ್ಣೊಳಕ್ಕೆ ಉಫ್ ಅಂತ ಊದೋನು.

ಸಂಜೆಗೆ ಜವರ ಬಂದ. ತಲೆ ಮೇಲೆ ದೊಡ್ಡ ಬಿದಿರಿನ ಮಂಕರಿ. ಮಂಕರಿಯೊಳಗೆ ಹಲಗಯ್ಯ! ಬಾಯಲ್ಲಿ ಎಣ್ಣೆ ಟವಲು!

"ಒಂದು ಚೂರೂ ಚೆಲ್ಲಿಲ್ಲ ಕಣವ್ವ!"

ಟವಲು ಕಿತ್ತಿದ್ದೇ ತಡ, ಹಲಗಯ್ಯ ಊದಲಿಲ್ಲ, ಮಂತ್ರ ಹೇಳಲಿಲ್ಲ. ಮಂತ್ರವಲ್ಲದ್ದನ್ನ ಬೇಕಾದಷ್ಟು ಹೇಳಿ ಹೊರಟೇ ಹೋದ.

"ದೊಡ್ಡೋರ ಬಾಯಿಗೆ ಬಟ್ಟೆ ತುರುಕ್ತಾರೇನೋ ಮುಟ್ಠಾಳ! ಕೈ ಮುಗಿದು, ಅವರನ್ನ ಮುಂದೆ ಬಿಟ್ಟು, ನೀನು ಹಿಂದೆ ನಡೀಬೇಕು! ಅವರು ನಿಂತರೆ ನಿಲ್ಲಬೇಕು, ಕೂತರೆ ಕೂರಬೇಕು!"

"ಸರಿ ಕಣವ್ವ."

ಅಳುತ್ತಳುತ್ತಲೇ ಸಾಕಮ್ಮ ಮತ್ತೆ ನೀರು ಕುದಿಸಿದಳು.

ಮೂರನೇ ಬೆಳಗ್ಗೆ ಚೆಲ್ವಿ ಪಟಪಟ ರೆಪ್ಪೆ ಬಡಿಯಿತು. "ಅಜ್ಜೀ, ರೊಟ್ಟಿ!" ಕಣ್ಣು ತಿಳಿಯಾಗಿತ್ತು. ಕೂಸಿಗೂ ಏನೂ ಆಗಿರಲಿಲ್ಲ.

"ಗಾಳೀಲಿ ಹಾರಿದ ಪಟಿಕವೇ ತಾಗಿರಬೇಕು!" ಅಂದಳು ದೊಡ್ಡತಾಯಜ್ಜಿ. "ನಮ್ಮ ಎಣ್ಣೆ ವಾಸನೆಗೇ ಅರ್ಧ ಗುಣ" ಅಂದ ಗಾಣದವನು. ಹಲಗಯ್ಯನಂತೂ ಹೇಳಿ ಕಳಿಸಿದ, "ಬಾಯಿ ಮುಚ್ಚಿದ್ರೇನು, ಮನಸ್ಸಲ್ಲೇ ಮಂತ್ರ ಹೇಳಿದ್ದೆ. ಒಂದು ಕೋಳಿ ಕಳಿಸು."

"ಅವ್ವ, ನೀನು ನೀರಲ್ಲಿ ಒರೆಸ್ದಲ್ಲ, ಅದ್ಕೇ ಅಲ್ವಾ?" ಅಂದ ಜವರ.

"ಬಾಯಿ ಮುಚ್ಚೋ ಪೆದ್ದೇ! ತಿಳಿದೋರು ಹೇಳ್ತಿಲ್ವಾ? ತಗೋ, ಈ ಹುಂಜಾನ ಹಲಗಯ್ಯನ ಮನೆಗೆ ಮುಟ್ಟಿಸು!"

ಸಂಜೆಯಾಯಿತು, ಜವರ ಬರಲಿಲ್ಲ. ಗಾಬರಿಬಿದ್ದು ಸಾಕಮ್ಮ ಚೆಲ್ವಿಯನ್ನ ಸೊಂಟಕ್ಕೆ ಏರಿಸಿಕೊಂಡು ಬೀದಿಬೀದಿ ಹುಡುಕಿದಳು. ಊರಾಚೆ ಚೆಲ್ವಿ ಬೆರಳು ಮೇಲೆತ್ತಿತು. "ಮಾವ ಅಲ್ಲವ್ನೆ!"

ಹುಣಸೆಮರದ ಕೊಂಬೆ ಮೇಲೆ ಹುಂಜ ಕುಕ್ಕರಿಸಿತ್ತು. ಅದರ ಹಿಂದೆ, ಅದೇ ಕೊಂಬೆಗೆ ಕಾಲು ಸುತ್ತಿ, ಕೈ ಮುಗಿದುಕೊಂಡು ಜವರ ಕೂತಿದ್ದ.

"ಶ್! ಮೆತ್ತಗೆ ಮಾತಾಡವ್ವ! ಇವ್ರು ಈಗ ತಾನೇ ಮಲಗವ್ರೆ!"