ಬಿಳಿ ಸೀಟಿನ ಗಾಡಿ

"ಅಜ್ಜಾರ, ಅಪ್ಪ ಬಿಟ್ಟುಹೋದ ಹಳೇ ಗಾಡಿಗೆ ಎಷ್ಟರ ತನಕ ರೊಕ್ಕ ಹಾಕಬೇಕ್ರಿ?" ಎಂದು ಸಂಗನಬಸು ಕೇಳಿದ.

ಮಠದ ಅಜ್ಜನವರು ಶಿಷ್ಯನನ್ನು ಮೇಲಿಂದ ಕೆಳಗೆ ನೋಡಿದರು. "ಇದನ್ನು ಗ್ಯಾರೇಜಿನವನ ಹತ್ತಿರ ಕೇಳಬೇಕಿತ್ತಲ್ಲೋ. ಮಠದಲ್ಲಿ ನಟ್ಟು ಬಿಚ್ಚುವ ಪಾನಾ ಎಲ್ಲಿದೆ?"

"ಅವನ್ನೂ ಕೇಳಿದೆರಿ. ಅವ ಸಾಕು ಅನ್ನೂದ ಇಲ್ಲ. ಬಣ್ಣ ಹೊಡಸೇನಿ. ಈಗ ಒಳಗಿಂದೆಲ್ಲ ಕಿತ್ತು ಹೊಸಾದು ಹಾಕೂಣು ಅಂತಾನ. ಮನ್ಯಾಗ ಆಕಿ ಸಾಕು ಅಂತಾಳ. ಮೂರು ದಿನಾತು, ನನ್ನ ಜೋಡಿ ಮಾತಾಡವಲ್ಲಳು. ನೀವ ಒಂದು ಮಿತಿ ಹೇಳಿಬಿಡ್ರಿ, ಇಬ್ಬರೂ ಒಪ್ಪತೀವಿ."

"ಗಂಡ ಹೆಂಡಿರ ಜಗಳಕ್ಕೆ ನನ್ನನ್ನು ತಂದು ನಿಲ್ಲಿಸಿದೆಯಲ್ಲ, ಭಲೆ. ಮಿತಿ ಹೇಳಲು ನನ್ನ ಹತ್ತಿರ ಒಂದು ಸೈಕಲ್ಲೂ ಇಲ್ಲ. ಒಂದು ಕತೆ ಗೊತ್ತಿದೆ. ಕೇಳು. ನಡುನಡುವೆ ಹೂಂ ಅನ್ನಬೇಡ, ನನಗೆ ಸಿಟ್ಟು ಬರುತ್ತದೆ."

ಹೀಗೆಂದು ಅಜ್ಜನವರು ಹೇಳತೊಡಗಿದರು.

ನೇಕಾರರ ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಅಪ್ಪನಿಗೆ ಒಂದು ಕಾರು ಇತ್ತು. ಇಡೀ ಓಣಿಗೆ ಅದೊಂದೇ. ಹಿಂದಿನ ಸೀಟು ಹರಿದು ನಾರು ಹೊರಗೆ ಬಂದಿತ್ತು, ಒಂದು ಬಾಗಿಲನ್ನು ಹಗ್ಗದಿಂದ ಕಟ್ಟಿದ್ದರು. ಓಣಿಯಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಮುದುಕರಿಗೆ ಉಸಿರು ಸಿಕ್ಕಿಕೊಂಡರೆ ಜನ ಆ ಮನೆಯ ಬಾಗಿಲಿಗೇ ಓಡುತ್ತಿದ್ದರು. ಅಪ್ಪ ಅಂಗಿ ಹಾಕಿಕೊಳ್ಳುತ್ತಲೇ ಗಾಡಿ ತೆಗೆಯುತ್ತಿದ್ದ. ಪುಣ್ಯಾತ್ಮ. ಅವನು ತೀರಿಕೊಂಡ ಮೇಲೆ ಗಾಡಿ ಮಗನಿಗೆ ಬಂತು.

ಮಗ ಕೆಟ್ಟವನಲ್ಲ. ಇದನ್ನು ಗಟ್ಟಿಯಾಗಿ ಹಿಡಿದುಕೋ, ಇಲ್ಲದಿದ್ದರೆ ನನ್ನ ಬಾಯಿನೋವು ದಂಡ. ಅವನು ಮೊದಲು ಬ್ರೇಕು ಮಾಡಿಸಿದ. ಸರಿ. ಟೈರು ಹಾಕಿಸಿದ. ಅದೂ ಸರಿ. ಅಪ್ಪನ ನೆನಪು ನಾಲ್ಕು ಜನರ ಕಣ್ಣಿಗೆ ಚಂದ ಕಾಣಲಿ ಎಂದು ಬಣ್ಣ ಹೊಡೆಸಿದ. ಹೊಸ ಬಣ್ಣಕ್ಕೆ ಹಳೆಯ ಸೀಟು ಒಪ್ಪಲಿಲ್ಲ. ಹಾಲಿನಂಥ ಬಿಳಿ ಸೀಟು ಹಾಕಿಸಿದ. ಬಿಳಿ ಸೀಟಿಗೆ ಧೂಳು ಒಪ್ಪಲಿಲ್ಲ. ಗಾಜು ಏರಿಸಿ ಏಸಿ ಕೂಡಿಸಿದ. ಇಷ್ಟಾದ ಮೇಲೆ ಬಿಸಿಲು ಒಪ್ಪೀತೇ? ಗಾಡಿಗೆ ಮೈತುಂಬ ಹೊದಿಕೆ ಹೊಲಿಸಿ, ಕೆಳಗೆ ಲಾಡಿ ಕಟ್ಟಿ ಬಿಗಿದು ನಿಲ್ಲಿಸಿದ.

ಎದುರು ಮನೆಯಲ್ಲಿ ನೂಲಿಗೆ ಬಣ್ಣ ಹಾಕುವವನೊಬ್ಬನಿದ್ದ. ಹೆಂಡತಿ ಇರಲಿಲ್ಲ. ಒಬ್ಬಳೇ ಮಗಳು. ಅಪ್ಪ ಮಗಳಿಬ್ಬರ ಕೈಯೂ ಮೊಣಕೈ ತನಕ ಯಾವಾಗಲೂ ಕೆಂಪು. ಒಂದು ದಿನ ಅವನು ಪೇಟೆಗೆ ನಡೆದು ಹೊರಟಿದ್ದಾಗ ವ್ಯಾಪಾರಿ ತಾನಾಗಿಯೇ ಕರೆದ, ಬಾ, ನಾನೂ ಅತ್ತಲೇ ಹೊರಟಿದ್ದೇನೆ ಎಂದ. ಅವನು ಹತ್ತುವ ಮೊದಲು ಒಳಗೆ ಹೋಗಿ ಒಂದು ಹಳೆಯ ಚಾದರ ತಂದು ಸೀಟಿನ ಮೇಲೆ ಹಾಸಿದ. ಅಷ್ಟೇ. ಒಂದು ಕೆಟ್ಟ ಮಾತು ಆಡಲಿಲ್ಲ. ಬಣ್ಣದವನು ಹತ್ತಿದ. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ, ಪೇಟೆ ಬಂದಾಗ ಇಳಿದ. ಅವನ ಮಗಳು ಬಾಗಿಲಲ್ಲಿ ನಿಂತು ಚಾದರ ಹಾಸಿದ್ದನ್ನು ನೋಡಿದ್ದಳು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗಿತ್ತು.

ಅಲ್ಲಿಂದ ಮುಂದೆ ಗಾಡಿ ಕೇಳಿಕೊಂಡು ಯಾರೂ ಬರಲಿಲ್ಲ. ವ್ಯಾಪಾರಿ ಏನಂದುಕೊಂಡ ಗೊತ್ತೇ? ಓಣಿಗೆ ಒಳ್ಳೆಯ ಕಾಲ ಬಂದಿದೆ, ಯಾರಿಗೂ ಕಾಯಿಲೆ ಕಸಾಲೆಯಿಲ್ಲ ಅಂದುಕೊಂಡ. ಜಾಣ!

ಒಂದು ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದ. ಎದುರು ಮನೆಯಲ್ಲಿ ಚೀರಾಟ ಎದ್ದಿತು. ಈಗ ಯಾರಾದರೂ ಬಂದು ಬಾಗಿಲು ಬಡಿಯುತ್ತಾರೆ ಎಂದು ತುತ್ತು ಹಿಡಿದು ಕಾದ. ಯಾರೂ ಬಡಿಯಲಿಲ್ಲ. ಎದ್ದು ಕಿಟಕಿಯಿಂದ ನೋಡಿದ. ನಾಲ್ಕು ಜನ ಮಲಗುವ ಹೊರಸು ಹೊತ್ತು ಓಡುತ್ತಿದ್ದರು. ಹೊರಸಿನ ಮೇಲೆ ಬಣ್ಣದವನ ಮಗಳು. ಕುದಿಯುವ ಬಣ್ಣದ ಹಂಡೆ ಅವಳ ಮೇಲೆ ಮಗುಚಿತ್ತು. ಸೊಂಟದಿಂದ ಪಾದದ ತನಕ ಕೆಂಪು ನೀರು ಇಳಿಯುತ್ತಿತ್ತು. ಬಣ್ಣ ಯಾವುದು, ಸುಟ್ಟ ಚರ್ಮ ಯಾವುದು, ಗೊತ್ತಾಗುತ್ತಿರಲಿಲ್ಲ. ಅವನ ಮನೆಯ ಮುಂದೆಯೇ ಹಾದು ಹೋದರು. ಒಬ್ಬನೂ ಇತ್ತ ತಿರುಗಿ ನೋಡಲಿಲ್ಲ.

ವ್ಯಾಪಾರಿ ಎಂಜಲು ಕೈಯಲ್ಲೇ ಹೊರಗೆ ಓಡಿದ. "ನಿಲ್ಲರೋ! ಗಾಡಿ ಐತಲ್ಲರೋ!" ಎಂದು ಕೂಗಿದ.

ಬಣ್ಣದವನು ನಿಲ್ಲಲಿಲ್ಲ. ಹೊರಸಿನ ಪಕ್ಕ ಓಡುತ್ತಲೇ ಹೇಳಿದ, "ಬ್ಯಾಡ್ರೀ ಸಾವ್ಕಾರ್ರ. ಬಣ್ಣ ಹತ್ತತೈತಿ."

ಆಸ್ಪತ್ರೆ ಹನ್ನೆರಡು ಮೈಲಿ ದೂರ. ಹೆದ್ದಾರಿಗೆ ಹೋಗಿ ಯಾವುದಾದರೂ ಲಾರಿಗೆ ಕೈ ಮಾಡುವುದು ಅವರ ಯೋಚನೆ. ಆ ಬಿಸಿಲಲ್ಲಿ ಲಾರಿ ಬರಬೇಕಲ್ಲ? ವ್ಯಾಪಾರಿ ಗಾಡಿಯ ಕಡೆ ಓಡಿದ. ಹೊದಿಕೆಯ ಲಾಡಿ ಬಿಚ್ಚಲಿಲ್ಲ. ಅವನೇ ಕಟ್ಟಿದ ಗಂಟು ಅವನ ಕೈಗೇ ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದ. ಓಣಿಯ ತುದಿಯಿಂದ ಹುಡುಗಿಯ ಚೀರಾಟ ಇನ್ನೂ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಅಯ್ಯೋ ಶಿವನೇ ಎಂದು ಒಳಗೆ ಹೋಗಿ ಈಳಿಗೆ ತಂದು ಹೊದಿಕೆಯನ್ನು ಉದ್ದಕ್ಕೂ ಸೀಳಿದ. ಅದು ಹೊಲಿಸಿದ ಹೊದಿಕೆ, ಬೇಗ ಸೀಳಲೂ ಇಲ್ಲ.

ಅವನು ಹೆದ್ದಾರಿಗೆ ಬಂದಾಗ ಹೊರಸು ರಸ್ತೆಯ ಬದಿಯ ನೆರಳಲ್ಲಿತ್ತು. ಒಂದು ಲಾರಿಯೂ ನಿಂತಿರಲಿಲ್ಲ. ಹುಡುಗಿಯ ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತಿತ್ತು. ವ್ಯಾಪಾರಿ ಹಿಂದಿನ ಬಾಗಿಲು ತೆರೆದ. ಜನ ಅವಳನ್ನು ಎತ್ತಿದರು. ಆಗ ಬಣ್ಣದವನು, ತಡೀರಿ, ಅಂದ. ತನ್ನ ಅಂಗಿ ಕಳಚಿದ. ಅದನ್ನು ಸೀಟಿನ ಮೇಲೆ ಹಾಸತೊಡಗಿದ. ಅಂಗಿ ಗಿಡ್ಡ, ಸೀಟು ಉದ್ದ. ಅತ್ತ ಎಳೆದ, ಇತ್ತ ಎಳೆದ. ಮಗಳ ಜೀವ ನಾಲ್ಕು ಜನರ ಕೈಯಲ್ಲಿ ಜೋತಾಡುತ್ತಿದೆ, ಅಪ್ಪ ಸೀಟು ಮುಚ್ಚುತ್ತಿದ್ದಾನೆ!

ವ್ಯಾಪಾರಿ ಆ ಅಂಗಿಯನ್ನು ಕಿತ್ತು ರಸ್ತೆಗೆ ಎಸೆದ. ಹನ್ನೆರಡು ಮೈಲಿ ಹೇಗೆ ಓಡಿಸಿದನೋ ಅವನಿಗೇ ಗೊತ್ತಿಲ್ಲ.

ಹುಡುಗಿಯನ್ನು ಒಳಗೆ ಒಯ್ದ ಮೇಲೆ ಅವನು ಬಣ್ಣದವನ ಕೈ ಹಿಡಿದುಕೊಂಡು ಮಕ್ಕಳ ಹಾಗೆ ಅತ್ತ. "ನಾ ಎಂದಾದರೂ ನಿಮಗ ಇಲ್ಲ ಅಂದೇನೇನು? ಯಾಕ ಕರೀಲಿಲ್ಲೋ ನನ್ನ?"

ಬಣ್ಣದವನಿಗೆ ಸಿಟ್ಟಿರಲಿಲ್ಲ. ಅದೇ ಕಷ್ಟ. "ನೀವು ಇಲ್ಲ ಅಂದಿಲ್ರೀ," ಎಂದ. "ನಿಮಗ ಇಲ್ಲ ಅನ್ನೂ ಪ್ರಸಂಗ ಬರಬಾರದು ಅಂತ ನಾವ ಕೇಳಲಿಲ್ಲ."

ಅಜ್ಜನವರು ಕತೆ ನಿಲ್ಲಿಸಿದರು.

ಸಂಗನಬಸುವಿಗೆ ತಡೆಯಲಾಗಲಿಲ್ಲ. "ಹುಡುಗಿ ಉಳೀತೇನ್ರಿ ಅಜ್ಜಾರ?"

"ಉಳಿಯಿತು. ಎದ್ದು ನಡೆಯಲು ಎರಡು ವರ್ಷ ಬೇಕಾಯಿತು."

ಸಂಗನಬಸು ಉಸ್ಸೆಂದ. "ಹಂಗಾದರ ಬಿಳೀ ಸೀಟು ಬ್ಯಾಡ್ರಿ," ಎಂದ. "ಕರೀ ಸೀಟು ಹಾಕಿಸಿದರ ನಡೀತೈತೇನ್ರಿ?"

ಅಜ್ಜನವರು ಅವನ ಮುಖವನ್ನೇ ನೋಡಿದರು. "ನಿಮ್ಮಪ್ಪನ ಹತ್ತಿರ ಗಾಡಿ ಕೇಳಲು ಬರುತ್ತಿದ್ದವರಲ್ಲಿ, ನೀನು ಬಣ್ಣ ಹೊಡೆಸಿದ ಮೇಲೆ ನಿನ್ನ ಬಾಗಿಲಿಗೆ ಬಂದವರು ಯಾರು, ಒಂದು ಹೆಸರು ಹೇಳು."

ಸಂಗನಬಸು ಹೆಸರು ಎಣಿಸಲು ಕೈ ಎತ್ತಿದ. ಒಂದು ಬೆರಳೂ ಮಡಿಯಲಿಲ್ಲ.