ದರ್ಜಿ ಎತ್ತಿದ ಕೈ

ಯುದ್ಧದಲ್ಲಿ ಗಾಯಾಳುಗಳಿಗೆ ಆಪರೇಷನ್ ಮಾಡುತ್ತಿದ್ದ ಕರ್ನಲ್ ಹಂಜಿ ಡಾಕ್ಟರು ನಿವೃತ್ತರಾದ ಮೇಲೆ ಚುನಾವಣೆಗೆ ನಿಂತರು. ಎದುರಾಳಿ ದೇಸಾಯರು ಸಂತೆ ಮೈದಾನದಲ್ಲಿ ಮೈಕು ಹಿಡಿದು ಗುಡುಗಿದರು.

"ಆ ಡಾಕ್ಟರು ನಿಮಗೇನು ಕೊಟ್ಟಾರ? ಕೊಟ್ಟಿದ್ದರ ಒಬ್ಬರಾದರೂ ಕೈ ಎತ್ರಿ!"

ಸಭೆಯ ಹಿಂದೆ ನಿಂತಿದ್ದ ದರ್ಜಿ ಬಲಗೈ ಎತ್ತಿದ. ಅವನು ಮೊದಲು ಸಿಪಾಯಿ ಆಗಿದ್ದವನು.

"ನಿನಗೇನು ಕೊಟ್ಟಾರೋ?"

"ಈ ಕೈ ರೀ. ಗುಂಡು ಹೊಕ್ಕಿತ್ತು. ಕತ್ತರಿಸೇ ಬಿಡ್ರಿ ಅಂತ ಎಲ್ಲಾರೂ ಅಂದ್ರು. ಇವರೊಬ್ಬರೇ ಆರು ತಾಸು ನಿಂತು ಹೊಲಿದು ಉಳಿಸಿದ್ರು."

ಜನ ಚಪ್ಪಾಳೆ ತಟ್ಟಿದರು. ದೇಸಾಯರು ಬಿಡಲಿಲ್ಲ.

"ಉಳಿದದ್ದು ನಿನ್ನ ಕೈ. ಅದರಿಂದ ನನಗೇನು ಬಂತು?"

"ನಿಮ್ಮ ಮೈಮ್ಯಾಲಿನ ಜುಬ್ಬಾ ಬಂತಲ್ರಿ! ಇದೇ ಕೈಲೆ, ಅವರನ್ನ ನೆನೆಸ್ಕೋತ ಹೊಲಿದೇನಿ."

ದೇಸಾಯರು ಜುಬ್ಬಾದ ಗುಂಡಿ ಮುಟ್ಟಿ ನೋಡಿಕೊಂಡು ಮೈಕು ಕೆಳಗಿಟ್ಟರು.